ಮುಗಿಯದ ಪೂಜೆ

"ಇವತ್ತರೆ ಮುಗೀತೈತೋ ಇಲ್ಲೋ?"

ಶೈಲಶ್ರೀ ಈ ಮಾತನ್ನು ಯಾರನ್ನೂ ಕೇಳಲಿಲ್ಲ. ತಗಡಿನ ಶೆಡ್ಡಿನ ಬಾಗಿಲಿಗೆ ಬೆನ್ನು ಮಾಡಿ, ಎದುರಿಗೆ ಅರ್ಧ ಎದ್ದು ನಿಂತಿದ್ದ ಹತ್ತಂತಸ್ತಿನ ಕಟ್ಟಡದ ಕಡೆ ನೋಡುತ್ತ ಅಂದಳು. ಕೈಯಲ್ಲಿ ಗಂಗಾಳವಿತ್ತು. ಅದರಲ್ಲಿದ್ದ ಜೋಳದ ರೊಟ್ಟಿ ಆರಿ ಬಿರುಸಾಗಿತ್ತು. ಪುಂಡಿಪಲ್ಯದ ಮೇಲೆ ಸಿಮೆಂಟಿನ ಧೂಳು ಕೂತಿತ್ತು.

ಆಚೆ, ಗೋದಾಮಿನ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದ ಕಲ್ಯಾಣಪ್ಪನ ಕಿವಿಗೆ ಆ ಮಾತು ಬಿತ್ತು. ಮಾತಾಡುವುದಕ್ಕಿಂತ ಕೇಳುವುದೇ ಅವನ ಸ್ವಭಾವ.

ಅದು ತೆಲುಗು ಸೀಮೆಯ ರಾಜಧಾನಿಯ ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಲ್ಲಿ ಕಂಪ್ಯೂಟರ್ ಕೆಲಸಕ್ಕೆ ಬಂದವರಿಗೆ ಇರಲು ಮನೆ ಬೇಕು, ಅದಕ್ಕೆ ಮಿಯಾಪುರದಲ್ಲಿ ಫ್ಲ್ಯಾಟುಗಳು. ಆ ಫ್ಲ್ಯಾಟು ಕಟ್ಟಲು ದೇವದುರ್ಗ, ಲಿಂಗಸುಗೂರಿನ ಕಡೆಯ ಜನ. ಕಲ್ಯಾಣಪ್ಪ ಮೊದಲು ಬೇಗಂ ಬಜಾರಿನಲ್ಲಿ ಮೂಟೆ ಹೊರುತ್ತಿದ್ದ. ಬೆನ್ನು ಕೈಕೊಟ್ಟ ಮೇಲೆ ಇಲ್ಲಿ ಸಿಮೆಂಟು ಗೋದಾಮಿನ ಕಾವಲಿಗೆ ಬಂದ. ತನ್ನ ತಂಗಿಯ ಮಗ ಗುರುಬಸವನಿಗೂ ಇಲ್ಲೇ ಕಬ್ಬಿಣದ ಸರಳು ಬಗ್ಗಿಸುವ ಕೆಲಸ ಕೊಡಿಸಿದ. ಗುರುಬಸವನ ಹೆಂಡತಿಯೇ ಶೈಲಶ್ರೀ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಅವರದು ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ಸ್ನಾನ ಮಾಡಿ, ಲಿಂಗವನ್ನು ಎಡಗೈಯ ಅಂಗೈ ಮೇಲಿಟ್ಟು ಪೂಜೆ ಮಾಡಿ, ತೀರ್ಥ ತೆಗೆದುಕೊಂಡು, ಆಮೇಲೆ ಊಟ. ಅಂಗೈ ಮೇಲೆ ಲಿಂಗ ಇದ್ದಷ್ಟು ಹೊತ್ತು ಆ ಮನುಷ್ಯನನ್ನು ಯಾರೂ ಕರೆಯುವುದಿಲ್ಲ, ಮುಟ್ಟುವುದಿಲ್ಲ. ತಾಯಿ ಕೂಡ ಮಗನ ಪೂಜೆ ಮುಗಿಯುವವರೆಗೆ ಬಾಗಿಲ ಹೊರಗೆ ಕಾಯುತ್ತಾಳೆ. ಇದು ಒಳ್ಳೆಯ ರೂಢಿ. ಆದರೆ ಆ ಬೇಸಿಗೆಯಲ್ಲಿ ಗುರುಬಸವನ ಪೂಜೆ ಮುಗಿಯುವುದನ್ನೇ ಮರೆಯಿತು. ಮೊದಮೊದಲು ಕೆಲಸಕ್ಕೆ ತಡವಾಯಿತು. ಆಮೇಲೆ ಮಧ್ಯಾಹ್ನದವರೆಗೆ ಹೋಯಿತು. ಈಗ ಬೆಳಿಗ್ಗೆ ಕೂತರೆ ದೀಪ ಹಚ್ಚುವ ಹೊತ್ತಾದರೂ ಅಂಗೈ ಮೇಲಿನ ಲಿಂಗ ಕೆಳಗಿಳಿಯುತ್ತಿರಲಿಲ್ಲ. ಊಟ ಹೋಯಿತು. ನಿದ್ದೆ ಹೋಯಿತು. ಆ ಬಿಸಿಲಿನಲ್ಲಿ ನೀರು ಕುಡಿಯುವುದೂ ಹೋಯಿತು. ಕಣ್ಣು ಒಳಗೆ ಸೇರಿ, ತುಟಿ ಒಡೆದು ಹೋಗಿದ್ದವು.

ಶೆಡ್ಡುಗಳ ಸಾಲಿನ ಜನಕ್ಕೆ ಇದು ಬೇರೆಯಾಗಿಯೇ ಕಂಡಿತು.

"ಗಂಡ ಅನುಷ್ಠಾನಕ್ಕ ಕುಂತಾನ, ನೀ ನೋಡಿದ್ರ ರೊಟ್ಟಿ ರೊಟ್ಟಿ ಅಂತೀಯಲ್ಲವ್ವ," ಎಂದಳು ಪಕ್ಕದ ಶೆಡ್ಡಿನ ಹಂಪಮ್ಮ. "ಪುಣ್ಯಾ ಮಾಡಿದ್ದಿ, ಸುಮ್ನ ಪಾದಕ್ಕ ಬೀಳು."

"ಪಾದಕ್ಕ ಬಿದ್ರ ಹೊಟ್ಟಿ ತುಂಬತೈತೇನು, ಅತ್ತಿ? ನಿನ್ನಿ ರಾತ್ರಿ ಕಾಲು ಮುಟ್ಟಿ ನೋಡೀನಿ, ಕೆಂಡದಂಗ ಸುಡಾಕತ್ತಿತ್ತು."

"ಅದು ತಪಸ್ಸಿನ ಕಾವು!"

ಹಂಪಮ್ಮ ಹೀಗೆ ನಂಬಲು ಕಾರಣವಿತ್ತು. ಒಂದು ದಿನ ಗುರುಬಸವ ಅವಳ ಮಗ ಸೋಮಣ್ಣನನ್ನು ದಿಟ್ಟಿಸಿ ನೋಡಿ, "ಹೋಗು, ಬಾಗಿಲ ತೆರದೈತಿ" ಎಂದಿದ್ದ. ಅದೇ ವಾರ ಸೋಮಣ್ಣನಿಗೆ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಸೋಮಣ್ಣ ಆ ಕೆಲಸಕ್ಕೆ ತಿಂಗಳುಗಟ್ಟಲೆ ಓಡಾಡಿದ್ದ ಎಂಬುದು ಅವನ ತಾಯಿಗೇ ಮರೆತುಹೋಯಿತು. ಸುದ್ದಿ ಊರಿಗೂ ಮುಟ್ಟಿತು.

ಸೂಗಪ್ಪ ಮೇಸ್ತ್ರಿ ಗೋದಾಮಿಗೆ ಬಂದು ಕಲ್ಯಾಣಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಕಲ್ಯಾಣಪ್ಪಣ್ಣ, ಕೆಳಗ ಪಾರ್ಕಿಂಗಿನಾಗ ಒಂದು ಮೂಲಿ ಖಾಲಿ ಐತಿ. ಚಾಪಿ ಹಾಸಿ ಹುಡುಗನ್ನ ಅಲ್ಲೇ ಕುಂದ್ರಸೋಣು. ಬರೂ ಸೋಮವಾರ ಊರಿಂದ ಲಾರಿ ತುಂಬ ಮಂದಿ ಬರ್ತಾರಂತ. ಭಜನಿ ನಡಸಾಂವ ನೀನು, ನೀ ಒಂದು ಹೂಂ ಅನ್ನಬೇಕು."

"ನೋಡೋಣು," ಎಂದ ಕಲ್ಯಾಣಪ್ಪ. ಹೂಂ ಎನ್ನಲು ಅವನಿಗೂ ಮನಸ್ಸಿತ್ತು. ತನ್ನ ತಂಗಿಯ ಹೊಟ್ಟೆಯಲ್ಲಿ ಒಬ್ಬ ಶರಣ ಹುಟ್ಟಿದ್ದಾನೆ ಎಂದರೆ ಯಾರಿಗೆ ಬೇಡ?

ಆ ಸಂಜೆ ಭಜನೆಗೆ ಸುಮಂಗಲಾ ಬಂದಳು. ಲಿಂಗಸುಗೂರಿನವಳು, ಎರ್ರಗಡ್ಡದ ಸರಕಾರಿ ಮಾನಸಿಕ ಆಸ್ಪತ್ರೆಯಲ್ಲಿ ನರ್ಸ್. ಕಟ್ಟಿ ಮುಗಿದಿದ್ದ ಮುಂದಿನ ಬ್ಲಾಕಿನಲ್ಲಿ ಅವಳ ಬಾಡಿಗೆ ಮನೆ. ದಿನವಿಡೀ ತೆಲುಗು, ಹಿಂದಿ ಮಾತಾಡಿ ದಣಿದು, ಸೋಮವಾರಕ್ಕೊಮ್ಮೆ ಕನ್ನಡ ಕಿವಿಗೆ ಬೀಳಲಿ ಎಂದು ಬರುತ್ತಿದ್ದಳು. ಭಜನೆ ಮುಗಿದು ಜನ ಚದುರಿದ ಮೇಲೆ ಅವಳು ಹಾರ್ಮೋನಿಯಂ ಕಟ್ಟುತ್ತಿದ್ದ ಕಲ್ಯಾಣಪ್ಪನ ಹತ್ತಿರ ಬಂದಳು.

"ಕಾಕಾ, ಗುರುಬಸವ ಹೆಂಗ ಸೊರಗ್ಯಾನ ನೋಡೀರೇನು?"

"ನಿಷ್ಠಾ ಅಂದ್ರ ಮೈ ಸೊರಗತೈತವ್ವ."

"ನಿದ್ದಿ?"

"ಶರಣರು ನಿದ್ದಿ ಗೆದ್ದಿದ್ರು."

"ಅವರು ಗೆದ್ದಿದ್ರು ಖರೆ. ಇವ ನಿದ್ದಿ ಗೆದ್ದಾನೋ, ಇವಗ ನಿದ್ದಿನ ಬರವಲ್ದೋ?"

ಕಲ್ಯಾಣಪ್ಪನಿಗೆ ಸಿಟ್ಟು ಬಂತು. "ದೇವರ ಕಡೆ ಹೊಂಟವಗ ಗುಳಿಗಿ ಕೊಡಬೇಕಂತೀರೇನು, ಸಿಸ್ಟರ್?"

"ದೇವರ ಕಡೆ ಹೊಂಟವಗ ಬ್ಯಾಡ್ರಿ. ಹೆದರಿ ಓಡಾಕತ್ತವಗ ಬೇಕಾಗತೈತಿ. ಇವ ಯಾವ ಕಡೆ ಹೊಂಟಾನ ಅನ್ನೂದು ನನಗೂ ಗೊತ್ತಿಲ್ಲ. ದೂರ ನಿಂತು ಕೈ ಮುಗದವರಿಗೆ ಅದು ತಿಳಿಯೂದಿಲ್ಲ. ನೀವು ಹತ್ರ ಕುಂತು ಕೇಳ್ರಿ. ಕೇಳಾಕ ನಿಮ್ಮಷ್ಟು ಬರೂದು ಈ ಸಾಲಿನ್ಯಾಗ ಯಾರಿಗೈತಿ?"

ಮರುದಿನ ಬೆಳಿಗ್ಗೆ ಕಲ್ಯಾಣಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಗುರುಬಸವನ ಶೆಡ್ಡಿಗೆ ಹೋದ. ಒಳಗೆ ತಗಡು ಆಗಲೇ ಕಾಯುತ್ತಿತ್ತು. ಗುರುಬಸವ ಮೂಲೆಯಲ್ಲಿ ಕೂತಿದ್ದ. ಅಂಗೈ ಮೇಲೆ ಲಿಂಗ, ತುಟಿ ಅಲುಗುತ್ತಿತ್ತು. ಕಲ್ಯಾಣಪ್ಪ ಅವನ ಎದುರಿಗೆ ಕೂತು ಕಣ್ಣು ಮುಚ್ಚಿ ಕಿವಿಗೊಟ್ಟ.

ಕಲ್ಯಾಣಪ್ಪನಿಗೆ ಓದು ಬರೆಹ ಬಾರದು. ಅವನ ಅಪ್ಪ ದಿನಾ ದೀಪ ಹಚ್ಚಿದ ಮೇಲೆ ವಚನ ಹೇಳುತ್ತಿದ್ದ. ಅದನ್ನು ಕೇಳಿ ಕೇಳಿಯೇ ಇವನು ಬೆಳೆದದ್ದು. ಬಾಯಿಪಾಠ ಹೇಳುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಮಾತು ಇಳಿದು ಮತ್ತೆ ಏರುತ್ತದೆ, ಅದು ಅವನಿಗೆ ಗೊತ್ತು. ಮಂತ್ರವೂ ಹಾಗೆಯೇ. ಗುರುಬಸವನ ತುಟಿಯಿಂದ ಬರುತ್ತಿದ್ದದ್ದಕ್ಕೆ ಆ ಉಸಿರು ಇರಲಿಲ್ಲ. ಒಂದು ಮಾತು ಆಡುವನು, ಸುಮ್ಮನಾಗುವನು, ಮತ್ತೊಂದು ಮಾತು ಆಡುವನು. ನಡುವಿನ ಆ ಮೌನದಲ್ಲಿ ಇನ್ನೊಬ್ಬರು ಮಾತಾಡುತ್ತಿರುವಂತೆ ಇತ್ತು. ಟೆಲಿಫೋನಿನಲ್ಲಿ ಒಂದೇ ಕಡೆಯ ಮಾತು ಕೇಳಿಸುತ್ತದಲ್ಲ, ಹಾಗೆ.

"ಇಲ್ರಿ, ನಾ ಯಾರಿಗೂ ಹೇಳಿಲ್ರಿ." ಮೌನ. "ಆಕಿದೇನು ತಪ್ಪಿಲ್ರಿ." ಮೌನ. "ಬ್ಯಾಡ್ರಿ. ಕೈ ಮುಗೀತೀನಿ, ಬ್ಯಾಡ್ರಿ."

ಇದು ಪೂಜೆಯಲ್ಲ ಎಂದು ಕಲ್ಯಾಣಪ್ಪನ ಕಿವಿಗೆ ತಿಳಿಯಿತು. ಆದರೂ ಲಿಂಗ ಹಿಡಿದವನನ್ನು ಕರೆಯುವಂತಿಲ್ಲ. ಅವನು ತನ್ನ ಕೊರಳಿನ ಲಿಂಗವನ್ನು ತೆಗೆದು ಅಂಗೈ ಮೇಲಿಟ್ಟುಕೊಂಡ. ಜೊತೆಗೆ ಕೂತು ಪೂಜೆ ಮಾಡುವುದಕ್ಕೆ ಅಡ್ಡಿಯಿಲ್ಲವಲ್ಲ. ದಿನಾ ಮಾಡಿದಂತೆ ಮಾಡಿದ, ತೀರ್ಥ ತೆಗೆದುಕೊಂಡ, ಲಿಂಗವನ್ನು ಮತ್ತೆ ವಸ್ತ್ರದಲ್ಲಿ ಕಟ್ಟಿಕೊಂಡ. ಆಮೇಲೆ ನೀರಿನ ಬಟ್ಟಲನ್ನು ಮುಂದೆ ಸರಿಸಿದ.

"ನಂದು ಮುಗೀತಪ್ಪ. ನೀನೂ ಮುಗಸು. ತೀರ್ಥ ತಗೋ."

ಗುರುಬಸವ ಬಟ್ಟಲು ನೋಡಿದ. "ವಿಷ ಐತಂತ, ಮಾವ."

"ಯಾರಂದ್ರು?"

"ಅವರ. ಕಿವ್ಯಾಗ ಅಂತಾರ. ಶೈಲಾ ಹಾಕ್ಯಾಳಂತ. ಕುಡದ್ರ ನಾ ಸಾಯ್ತೀನಂತ, ಕುಡೀದಿದ್ರ ಆಕಿ ಸಾಯ್ತಾಳಂತ. ಪೂಜಿ ಮುಗೀತಂದ್ರ ಮ್ಯಾಲಿನ ಮಾಳಿಗಿ ಹತ್ತು, ಅಲ್ಲಿಂದ ಜಿಗಿ ಅಂತಾರ. ಅದಕ್ಕ ಮುಗಸವಲ್ಲೆ."

ಕಲ್ಯಾಣಪ್ಪ ತಡೆದು ಕೇಳಿದ: "ನಿನಗ ಹೆದರಿಕಿ ಆಗೈತೇನೋ?"

"ಭಾಳ, ಮಾವ."

ಇಡೀ ಸಾಲಿನ ಜನ ಅವನಿಗೆ ಕೈ ಮುಗಿದು ಹೋಗಿದ್ದರು. ಈ ಮಾತನ್ನು ಯಾರೂ ಕೇಳಿರಲಿಲ್ಲ.

"ನಿದ್ದಿ ಬರೂವಂಗ ಮಾಡಸೋಣು, ಬಾ," ಎಂದ ಕಲ್ಯಾಣಪ್ಪ. "ಲಿಂಗ ನಿನ್ನ ಕೊರಳಾಗ ಇರತೈತಿ. ನಾ ನಿನ್ನ ಬಾಜೂಕ ಇರ್ತೀನಿ. ಮಾಳಿಗಿ ಕಡೆ ಯಾರೂ ಕರಕೊಂಡು ಹೋಗೂದಿಲ್ಲ." ಗುರುಬಸವ ಲಿಂಗವನ್ನು ತಾನೇ ವಸ್ತ್ರದಲ್ಲಿ ಸುತ್ತಿ, ಎದ್ದು ಮಾವನ ಕೈ ಹಿಡಿದ.

ಸುಮಂಗಲಾ ಆಟೋ ತಂದಳು, ಶೈಲಶ್ರೀಯೂ ಜೊತೆಗೆ ಹೊರಟಳು. ಗೇಟಿನಲ್ಲಿ ಹಂಪಮ್ಮ ಅಡ್ಡ ನಿಂತಳು.

"ಎರ್ರಗಡ್ಡಕ್ಕ? ಈ ಊರಾಗ ಅದು ಬೈಗಳಪ್ಪ! ತಲಿ ಬೋಳಿಸಿ, ಲಿಂಗಾ ಹರಕೊಂಡು, ಸರಪಳಿ ಹಾಕ್ತಾರ!"

"ನಾ ಅಲ್ಲೇ ಕೆಲಸ ಮಾಡ್ತೀನಿ ಹಂಪಮ್ಮ. ನನ್ನ ಕೈಯಾಗ ಸರಪಳಿ ಯಾವಾಗ ನೋಡಿದಿ?" ಎಂದಳು ಸುಮಂಗಲಾ.

ಸೂಗಪ್ಪ ಮೇಸ್ತ್ರಿ ಓಡಿ ಬಂದ. "ಸೋಮವಾರ ಮಂದಿ ಬರ್ತಾರಲ್ಲೋ ಅಣ್ಣ! ಏನಂತ ಹೇಳ್ಲಿ?"

"ಬರ್ಲಿ. ಭಜನಿ ಕೇಳಿ, ಉಂಡು ಹೋಗ್ಲಿ. ನಮ್ಮ ಹುಡುಗ ನೋಡಾಕ ಇಟ್ಟ ಸಾಮಾನಲ್ಲ."

ಆಸ್ಪತ್ರೆಯ ಬೆಂಚಿನ ಮೇಲೆ ಇವರ ಪಕ್ಕದಲ್ಲಿ ಒಬ್ಬ ತಾಯಿ, ಮಗ ಕೂತಿದ್ದರು. ಮಗ ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದ. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಆ ತಾಯಿ ಶೈಲಶ್ರೀಗೆ ತಾನಾಗಿಯೇ ಹಿಂದಿಯಲ್ಲಿ ಹೇಳಿಕೊಂಡಳು: ಮಗನಿಗೆ ಆಫೀಸಿನ ಕಂಪ್ಯೂಟರ್ ಬೈಯುತ್ತದಂತೆ, ಅವನ ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ಅಮೆರಿಕಕ್ಕೆ ಕಳಿಸುತ್ತದಂತೆ. ಅದಕ್ಕೆ ಅವನು ಮನೆಯ ವೈರೆಲ್ಲ ಕಿತ್ತು ಹಾಕಿದ್ದಾನೆ. "ನಿಮ್ಮವರಿಗೆ ಏನು?" ಎಂದು ಕೇಳಿದಳು. ಶೈಲಶ್ರೀ ಹೇಳಿದಳು. ಆ ತಾಯಿ ಸರಿದು ಅವಳಿಗೆ ಒತ್ತಿ ಕೂತಳು.

ಡಾಕ್ಟರಮ್ಮ ನಿದ್ದೆ ಬರುತ್ತದೆಯೇ, ಹೆದರಿಕೆ ಆಗುತ್ತದೆಯೇ ಎಂದು ಗುರುಬಸವನನ್ನು ಹಿಂದಿಯಲ್ಲಿ ನಿಧಾನವಾಗಿ ಕೇಳಿದಳು. "ಕ್ಯಾ ಭಾಯ್, ನೀಂದ್ ಆತೀ? ಡರ್ ಲಗ್ತಾ?" ಮೈ ಪರೀಕ್ಷೆ ಮಾಡಿದಳು, ರಕ್ತ ತೆಗೆಸಿದಳು. ಕೊರಳಿನ ವಸ್ತ್ರ ಕಂಡು ಅದೇನೆಂದು ಕೇಳಿದಳು. ಕಲ್ಯಾಣಪ್ಪ ಹೇಳಿದ. "ಇರಲಿ, ಯಾರೂ ಮುಟ್ಟುವುದಿಲ್ಲ" ಎಂದಳು.

ಕಲ್ಯಾಣಪ್ಪನ ಎದೆಯಲ್ಲಿ ಒಂದು ಮಾತು ಕೂತಿತ್ತು. ಅದನ್ನು ಸುಮಂಗಲಾಳ ಕೈಲಿ ಕೇಳಿಸಿದ: "ಹಂಗಾರ ದೇವರ ಮಾತು ಕೇಳಿಸತೈತಿ ಅಂದವರೆಲ್ಲ ಹುಚ್ಚರೇನು?"

ಡಾಕ್ಟರಮ್ಮ ನಗಲಿಲ್ಲ. ಅವಳು ಹಿಂದಿಯಲ್ಲಿ ಹೇಳಿದ್ದನ್ನು ಸುಮಂಗಲಾ ಕನ್ನಡದಲ್ಲಿ ತಿಳಿಸಿದಳು.

"ಅಲ್ಲಂತ, ಕಾಕಾ. ಭಕ್ತಿ ಬ್ಯಾನಿ ಅಲ್ಲ. ಅವರೂ ಮುಂಜಾನೆ ದೀಪ ಹಚ್ಚೇ ಮನಿ ಬಿಡ್ತಾರಂತ. ಶರಣರ ಸುದ್ದಿ ಹೇಳಾಕ ನಾ ಯಾರು, ನನ್ನ ಮುಂದ ಕುಂತವನ ಸುದ್ದಿ ಅಷ್ಟ ನನಗ ಗೊತ್ತು ಅಂತಾರ. ಇವ ಉಣವಲ್ಲ, ಮಲಗವಲ್ಲ, ಕೆಲಸ ಬಿಟ್ಟಾನ, ಹೇಣತಿ ವಿಷ ಹಾಕ್ಯಾಳ ಅಂತ ನಂಬ್ಯಾನ, ಜಿಗಿ ಅನ್ನೂ ಮಾತು ಕೇಳಾಕತ್ತಾನ. ಇದು ಮಿದುಳಿಗೆ ಬಂದ ಬ್ಯಾನಿ. ಇದು ಯಾಕ ಬರತೈತಿ ಅಂತ ಡಾಕ್ಟರ್ರಿಗೂ ಪೂರಾ ಗೊತ್ತಿಲ್ಲ. ಆದ್ರ ಯಾರ ಪಾಪದಿಂದಾನೂ ಅಲ್ಲ, ಯಾರ ಮಾಟದಿಂದಾನೂ ಅಲ್ಲ. ಔಷಧ ಐತಿ."

"ಮತ್ತ ಅದರಾಗ ಲಿಂಗಪೂಜಿ ಯಾಕ ಬಂತು?"

"ಈ ಬ್ಯಾನಿ ಮನ್ಯಾಗ, ಕೆಲಸದಾಗ ಇದ್ದ ಮಾತನ್ನ ಎತ್ತಿಕೊಳ್ಳತೈತಂತ."

ಕಲ್ಯಾಣಪ್ಪ ಬಾಗಿಲ ಆಚೆ ಬೆಂಚಿನ ಮೇಲಿದ್ದ ಹುಡುಗನನ್ನು ನೋಡಿದ. ಅವನ ಆಫೀಸಿನಲ್ಲಿ ಕಂಪ್ಯೂಟರ್ ಇತ್ತು. ಇವರ ಮನೆಯಲ್ಲಿ ಲಿಂಗ ಇತ್ತು. ಇಷ್ಟೇ ಅಂತರ.

ಗುರುಬಸವನನ್ನು ಒಳಗೆ ಸೇರಿಸಿಕೊಂಡರು. ಮೊದಲು ನೀರು ಏರಿಸಿದರು. ಅಂದು ಅವನು ಮಲಗಿದ್ದನ್ನು ನೋಡುತ್ತ ಶೈಲಶ್ರೀ ಮಂಚದ ಕಾಲಿಗೆ ಒರಗಿ ತಾನೂ ಮಲಗಿಬಿಟ್ಟಳು. ಧ್ವನಿಗಳು ಒಮ್ಮೆಲೇ ಹೋಗಲಿಲ್ಲ. ವಾರಗಳು ಹಿಡಿದವು. ಮೊದಲು ದೂರ ಸರಿದವು, ಆಮೇಲೆ ಗೋಡೆಯಾಚೆಯ ಮಾತಿನಂತಾದವು, ಆಮೇಲೆ ನಿಂತವು. ಗುಳಿಗೆಯಿಂದ ಅವನಿಗೆ ಮಂಪರು ಬರುತ್ತಿತ್ತು, ಕೈ ನಡುಗುತ್ತಿತ್ತು. ಡಾಕ್ಟರಮ್ಮನಿಗೆ ಹೇಳಿದಾಗ ಅವಳು ಗುಳಿಗೆ ಬದಲಿಸಿದಳು. ಮನೆಗೆ ಬಂದ ಮೇಲೆ ಸೂಗಪ್ಪ ಮೇಸ್ತ್ರಿಯೇ ಅವನಿಗೆ ಎತ್ತರದ ಕೆಲಸ ಬಿಡಿಸಿ, ಕೆಳಗೆ ಸ್ಟೋರಿನಲ್ಲಿ ಕೆಲಸ ಕೊಟ್ಟ.

ಶ್ರಾವಣದಲ್ಲಿ ಒಂದು ತಪ್ಪಾಯಿತು. ಗುರುಬಸವ ಒಪ್ಪತ್ತು ಹಿಡಿದ. ವ್ರತದಲ್ಲಿ ಔಷಧಿ ಬೇಡ, ಹೇಗೂ ಗುಣವಾಗಿದೆಯಲ್ಲ ಎಂದು ಯಾರಿಗೂ ಹೇಳದೆ ಗುಳಿಗೆ ಬಿಟ್ಟ. ಮೊದಲು ನಿದ್ದೆ ಹೋಯಿತು. ರೊಟ್ಟಿ ಮುರಿದು ಮೂಸಿ ನೋಡತೊಡಗಿದ. ಶೈಲಶ್ರೀ ಈ ಸಲ ಕಟ್ಟಡವನ್ನು ಕೇಳುತ್ತ ನಿಲ್ಲಲಿಲ್ಲ. ಅದೇ ದಿನ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ವ್ರತ ಬಿಡು ಎನ್ನಲಿಲ್ಲ. ಒಪ್ಪತ್ತಿನ ಊಟ ಆದ ಮೇಲೆ ಗುಳಿಗೆ ನುಂಗು, ನೀರು ಮಾತ್ರ ಬಿಡಬೇಡ ಎಂದಳು. ಎರಡೂ ನಡೆದವು.

ಈಗ ಗುರುಬಸವ ದಿನಾ ಬೆಳಿಗ್ಗೆ ಪೂಜೆಗೆ ಕೂರುತ್ತಾನೆ. ತೀರ್ಥ ತೆಗೆದುಕೊಳ್ಳುತ್ತಾನೆ. ರೊಟ್ಟಿ ಬಿಸಿ ಇರುವಾಗಲೇ ಪೂಜೆ ಮುಗಿಯುತ್ತದೆ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಯಾರಾದರೂ ಹೀಗೆ ಬದಲಾದರೆ ದೂರ ನಿಂತು ಕೈ ಮುಗಿಯಬೇಡಿ. ಹುಚ್ಚ ಎಂದು ಕಲ್ಲೂ ಎಸೆಯಬೇಡಿ. ಹತ್ತಿರ ಕೂತು ಕೇಳಿ. ಉಂಡೆಯಾ, ಮಲಗಿದೆಯಾ, ಹೆದರಿಕೆ ಆಗಿದೆಯಾ ಎಂದು ಕೇಳಿ. ಬೇರೆಯವರಿಗೆ ಕೇಳಿಸದ ಮಾತು ಅವರಿಗೆ ಕೇಳಿಸುತ್ತಿದ್ದರೆ, ಮನೆಯವರ ಮೇಲೆಯೇ ಅನುಮಾನ ಬಂದಿದ್ದರೆ, ಊಟ ನಿದ್ದೆ ಕೆಲಸ ಬಿಟ್ಟಿದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಸಾಯುವ ಅಥವಾ ಸಾಯಿಸುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಕಟ್ಟಿಹಾಕಬೇಡಿ, ಹೊಡೆಯಬೇಡಿ, ಉಪವಾಸ ಕೆಡವಬೇಡಿ. ಆಗ ಇಲ್ಲದ ಒಂದು ಅನುಕೂಲ ಈಗ ಇದೆ. 14416 ನಂಬರಿಗೆ ಫೋನ್ ಮಾಡಿದರೆ ಹಗಲಿರುಳು, ಬಿಟ್ಟಿಯಾಗಿ, ಕನ್ನಡದಲ್ಲಿಯೇ ನಿಮ್ಮ ಮಾತು ಕೇಳುವವರು ಸಿಗುತ್ತಾರೆ. ಗುಡಿಗೆ ಹೋಗಿ, ಮಸೀದಿಗೆ ಹೋಗಿ, ಹರಕೆ ಹೊರಿ, ಅದನ್ನು ಯಾರೂ ಬಿಡಿಸುವುದಿಲ್ಲ. ಡಾಕ್ಟರು ಬಿಡು ಎನ್ನುವವರೆಗೆ ಗುಳಿಗೆಯನ್ನೂ ಬಿಡಬೇಡಿ.

ಹಂಪಮ್ಮನ ವಿಷಯ ಒಂದು ಉಳಿಯಿತು.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳು ಸೆರಗಿನಲ್ಲಿ ತೆಂಗಿನಕಾಯಿ ಮುಚ್ಚಿಕೊಂಡು ಸ್ಟೋರಿಗೆ ಬಂದಳು. ಗುರುಬಸವ ಸರಳು ಎಣಿಸುತ್ತಿದ್ದ. ಕಲ್ಯಾಣಪ್ಪ ಸ್ಟೂಲಿನ ಮೇಲೆ ಇದ್ದ.

"ಬಸವಾ, ಸೋಮಣ್ಣನ್ನ ಮುಂಬೈ ಕಾರ್ಖಾನಿಗೆ ಕಳಸ್ತಾರಂತಪ್ಪ. ಹೋಗ್ಲೋ ಬ್ಯಾಡೋ ತಿಳೀವಲ್ದು. ಹಿಂದ ನೀ ಹೇಳಿದ್ದು ಖರೆ ಆತು."

"ಅದು ಸೋಮಣ್ಣ ಓಡ್ಯಾಡಿ ಗಿಟ್ಟಿಸಿದ ಕೆಲಸ, ಅತ್ತಿ. ಮುಂಬೈ ಸುದ್ದಿ ಅವನ್ನ ಕೇಳು."

ಹಂಪಮ್ಮ ಹತ್ತಿರ ಬಂದು ದನಿ ತಗ್ಗಿಸಿದಳು. "ನನ್ನ ಸಲುವಾಗಿ ಒಂದೆರಡು ದಿನ ಗುಳಿಗಿ ಬಿಡು. ಆ ಧ್ವನಿ ಬರ್ಲಿ. ಇದೊಂದು ಮಾತು ಕೇಳಿಬಿಡು. ಆಮ್ಯಾಲ ಮತ್ತ ನುಂಗೀಯಂತ. ನಿನ್ನ ಹೇಣತಿಗೆ ನಾ ಹೇಳಾಂಗಿಲ್ಲ."

ಕಲ್ಯಾಣಪ್ಪ ಸ್ಟೂಲಿನಿಂದ ಏಳಲು ಹೋಗಿ ಮತ್ತೆ ಕೂತ. ಉತ್ತರ ಕೊಡಬೇಕಾದವನು ತಾನಲ್ಲ.

ಗುರುಬಸವ ಕೈಯಲ್ಲಿದ್ದ ಸರಳನ್ನು ಕೆಳಗಿಟ್ಟ. ತೆಂಗಿನಕಾಯಿಯನ್ನು ಅವಳ ಸೆರಗಿಗೇ ತಿರುಗಿ ಹಾಕಿದ.

"ಇಲ್ಲ ಅತ್ತಿ. ಬಿಡೂದಿಲ್ಲ."